ಮೂರನೆಯವರು

ಕೌಲ್‌ಬಜಾರಿನ ನಮ್ಮ ಶೆಡ್ಡಿನಲ್ಲಿ
ಏಳು ಮಿಷನ್ನು, ಒಂದು ಓವರ್‌ಲಾಕು,
ಬಾಗಿಲಲ್ಲಿ ಹಳೆಯ ಓಮ್ನಿ.
ಹೊಲಿದ ಪ್ಯಾಂಟು ವಾಷಿಂಗಿಗೆ ಹೋಗುವುದು ಅದರಲ್ಲೇ,
ನೀಲಿ ಬಿಟ್ಟುಕೊಂಡು ಬರುವುದೂ ಅದರಲ್ಲೇ.
ಆರ್‌ಸಿಯಲ್ಲಿ ನನ್ನ ಹೆಸರು:
ಎರ್ರೆಮ್ಮ, ಗಂಡ ದಿವಂಗತ ಹೊನ್ನೂರಪ್ಪ.
ಸ್ಟೀರಿಂಗ್ ಮುಟ್ಟಿದ್ದು
ಆಯುಧಪೂಜೆಗೆ ಕುಂಕುಮ ಹಚ್ಚಲು ಮಾತ್ರ.

ಮಾಬುಸಾಬನ ಮೊಮ್ಮಗಳ ಮದುವೆಯ ವಾರ
ಬಂಡಲ್ ಒಯ್ಯುವವರಿರಲಿಲ್ಲ.
ಕೀಲಿ ಗೋಡೆಯ ಮೊಳೆಯಲ್ಲಿತ್ತು.
ಮಗನಿಗೆ ಹದಿನೇಳು ವರ್ಷ ಹತ್ತು ತಿಂಗಳು.
"ಎರಡು ತಿಂಗಳಿಗೆ ಏನಾಗ್ತದಬೇ,
ಗಾಡಿ ಕ್ಯಾಲೆಂಡರ್ ನೋಡ್ತದೇನು?" ಅಂದ ವಂಶಿ.
ನಾನು ಹ್ಞೂಂ ಅನ್ನಲಿಲ್ಲ. ಉಹ್ಞೂಂ ಅಂತಲೂ ಅನ್ನಲಿಲ್ಲ.
ಮಿಷನ್ನಿನ ಸದ್ದಿಗೆ ಕೇಳಿಸಲಿಲ್ಲ ಎಂಬಂತೆ
ಇನ್ನೊಂದು ಜೇಬು ಹೊಲಿದೆ.

ಅಂಡರ್‌ಬ್ರಿಡ್ಜಿನ ಗೋಡೆಗೆ ತಾಗಿಸಿ
ಎಡಗಡೆಯ ಕನ್ನಡಿ ಮುರಿದುಕೊಂಡು ಬಂದ.
ಅಷ್ಟೇ. ಅಷ್ಟೇ ಅಂತ ನಾನೂ ಅಂದುಕೊಂಡು
ಕನ್ನಡಿಯ ದುಡ್ಡು ಕೇಳಲು
ಇನ್ಶೂರೆನ್ಸಿನ ಪಂಪಾಪತಿಯ ಹತ್ತಿರ ಹೋದೆ.

"ಓಡಿಸಿದ್ದು ಯಾರು?"
ನಾನು ಬಾಯಿ ತೆರೆಯುವ ಮುಂಚೆ ಕೈ ಅಡ್ಡ ಹಿಡಿದ.
"ಹೇಳಬ್ಯಾಡಕ್ಕ. ಹೇಳಿದರ ನಾ ಬರಕೋಬೇಕಾಗ್ತದ."
ಆಮೇಲೆ ಚಹಾ ತರಿಸಿ ತಾನೇ ಹೇಳಿದ:
ಲೈಸೆನ್ಸಿಲ್ಲದ ಕೈಗೆ ಕೀಲಿ ಹೋದ ಗಳಿಗೆಯೇ
ಈ ಕಾಗದ ನಿನ್ನ ಪಾಲಿಗೆ ಬರೀ ಕಾಗದ.
ಯಾರಿಗಾದರೂ ತಾಗಿದ್ದರೆ ಕಂಪನಿ ಕೊಟ್ಟರೂ ಕೊಟ್ಟೀತು,
ಕೊಟ್ಟದ್ದನ್ನು ನಿನ್ನ ಏಳೂ ಮಿಷನ್ನು ಮಾರಿಸಿ
ವಸೂಲು ಮಾಡೀತು.
ಹುಡುಗನ ತಪ್ಪಿಗೆ ಕಟಕಟೆ ಹತ್ತುವವಳು ನೀನು,
ಇಪ್ಪತ್ತೈದು ಸಾವಿರ, ಮೂರು ವರ್ಷದ ತನಕ ಜೈಲು.
ಅವನಿಗೋ, ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಇಲ್ಲ.
"ಮತ್ತ ಕನ್ನಡಿ?" ಅಂದೆ.
ಪಂಪಾಪತಿ ನಗಲಿಲ್ಲ.

ರಾತ್ರಿ ಟ್ರಂಕಿನಿಂದ ಕಾಗದ ತೆಗೆದೆ.
ವಂಶಿಯೇ ಓದಿ ಹೇಳಿದ, ದನಿ ಸಣ್ಣ ಮಾಡಿ.
ಮೊದಲನೆಯವಳು ನಾನು. ಎರಡನೆಯದು ಕಂಪನಿ.
"ಮೂರನೆಯವರು ಅಂದರ ಯಾರೋ?"
"ಯಾರೋ."
ಹೆಸರಿಲ್ಲ, ಗಂಡನ ಹೆಸರಿಲ್ಲ, ವಾರ್ಡ್ ನಂಬರಿಲ್ಲ.
ಪ್ರತಿ ವರ್ಷ ಕಟ್ಟುತ್ತಾ ಬಂದಿದ್ದೇನೆ
ಮುಖ ನೋಡದ ಯಾರದೋ ಕೈಕಾಲಿಗಾಗಿ.

ಜೀನ್ಸು ಬಟ್ಟೆಯ ನಡುವೆ ಹರಿಯುವುದಿಲ್ಲ.
ಜೇಬಿನ ಮೂಲೆಯಲ್ಲಿ ಹರಿಯುತ್ತದೆ, ಕೈ ಇಳಿಯುವ ಕಡೆ.
ಅದಕ್ಕೇ ಅಲ್ಲಿ ಅಡ್ಡ ಹೊಲಿಗೆ, ಮೇಲೊಂದು ತಾಮ್ರದ ರಿವಿಟ್ಟು.
ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವಳಿಗೆ
ಜಗ್ಗುವ ಜಾಗ ಕಾಣಲಿಲ್ಲವಲ್ಲ,
ಮೊಳೆಯಿಂದ ಮಗನ ಕೈಗೆ ಒಂದೇ ಗೇಣು.

ಕೀಲಿ ಬಾಬಿನ್ ಡಬ್ಬಿಗೆ ಹೋಯಿತು,
ಡಬ್ಬಿ ನನ್ನ ದಿಂಬಿನಡಿಗೆ.
ಎರಡು ತಿಂಗಳು ಅವನು ಮಾತಾಡಿದ್ದು
ಸಾರಿಗೆ ಉಪ್ಪು ಸಾಲದಾದಾಗ ಮಾತ್ರ.

ಹುಟ್ಟುಹಬ್ಬದ ಮರುದಿನ ಆರ್‌ಟಿಓ ಕಚೇರಿಯಲ್ಲಿ
ಅವನ ಹಿಂದೆ ನಾನೂ ಸಾಲಿಗೆ ನಿಂತೆ.
"ನೀ ಯಾಕಬೇ?"
"ಓನರ್-ಡ್ರೈವರ್ ಅಂತ ಒಂದು ಸಾಲೈತಿ ಆ ಕಾಗದದಾಗ.
ನಾ ಇನ್ನೂ ಅರ್ಧ ಅದೀನಿ."

ಕೆಂಪು 'ಎಲ್' ಅಂಗಡಿಯಿಂದ ತರಲಿಲ್ಲ.
ಲೈನಿಂಗಿನ ತುಂಡಿನಲ್ಲಿ ಕತ್ತರಿಸಿ
ಮೂಲೆಗೆಲ್ಲ ಅಡ್ಡ ಹೊಲಿಗೆ ಹಾಕಿದೆ.

ಬೆಳಗಿನ ಆರು ಗಂಟೆ, ಕೋಟೆಗುಡ್ಡದ ಕೆಳಗಿನ ರಸ್ತೆ.
ವಂಶಿ ಓಡಿಸುತ್ತಾನೆ, ಪಕ್ಕದಲ್ಲಿ ಮಾಬುಸಾಬ್,
ಹಿಂದೆ ಬಂಡಲುಗಳ ನಡುವೆ ನನ್ನ ಸರದಿಗೆ ನಾನು.
ಸೈಕಲ್ಲಿಗೆ ಮಂಡಕ್ಕಿ ಚೀಲ ಕಟ್ಟಿಕೊಂಡವನೊಬ್ಬ
ಅತ್ತಿತ್ತ ನೋಡದೆ ಅಡ್ಡ ಬಂದ.
ಬ್ರೇಕು. ಎಂಜಿನ್ ಸತ್ತು ನಿಂತಿತು.
ಯಾರೂ ಬೈಯಲಿಲ್ಲ.
ಚೀಲದ ತೂತಿನಿಂದ ನಾಲ್ಕು ಮಂಡಕ್ಕಿ ಉದುರಿ
ನಮ್ಮ ಬಂಪರಿನ ಮುಂದೆ ಬಿದ್ದವು.
ಅವನು ತಿರುಗಿಯೂ ನೋಡದೆ ಪೆಡಲ್ ತುಳಿದ.
ಅವನಿಗೇನು ಗೊತ್ತು,
ನಮ್ಮ ಟ್ರಂಕಿನಲ್ಲಿ ಇಷ್ಟು ವರ್ಷ
ಹೆಸರಿಲ್ಲದೆ ಇದ್ದವನು ತಾನೇ ಅಂತ.